ಎಪ್ಪತ್ತೊಂದನೆಯ ಅಳತೆ

ಕರೆಂಟಿನ ರಿಪೇರಿ ಇರುವುದರಿಂದ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಆಫೀಸಿನ ಎಲ್ಲ ಯಂತ್ರಗಳನ್ನೂ ನಿಲ್ಲಿಸಲಾಗುವುದು, ದಯವಿಟ್ಟು ಸಹಕರಿಸಿ ಎಂಬ ಸುತ್ತೋಲೆಯನ್ನು ಅವನು ಬಚ್ಚಲಲ್ಲಿ ಹಲ್ಲುಜ್ಜುತ್ತ ಫೋನಿನಲ್ಲಿ ಓದಿದ. ಓದಿ ಮುಗಿದರೂ ಬ್ರಷ್ಷು ಒಂದೇ ಹಲ್ಲಿನ ಮೇಲೆ ಓಡುತ್ತಿತ್ತು. ಸಹಕರಿಸಿ ಅಂತೆ. ಇಪ್ಪತ್ತು ಜನರ ಆಫೀಸಿನಲ್ಲಿ ಹತ್ತೊಂಬತ್ತು ಜನಕ್ಕೆ ಇದು ಬೇಗ ಮನೆಗೆ ಹೋಗುವ ಸುದ್ದಿ. ಮೂರು ಗಂಟೆಗೆ ಆ ಯಂತ್ರಗಳಲ್ಲೊಂದು ನಿಂತರೆ ನೂರ ಎಂಬತ್ತೇಳು ಜನರ ಕಾಲಿನ ಅಳತೆ ಭೂಮಿಯ ಮೇಲಿಂದಲೇ ಇಲ್ಲವಾಗುತ್ತದೆ ಎನ್ನುವುದು ಗೊತ್ತಿದ್ದದ್ದು ಅವನೊಬ್ಬನಿಗೇ. ಹನ್ನೊಂದು ವಾರದಿಂದ ಗೊತ್ತಿತ್ತು. "ಏನ್ರೀ, ಒಳಗೇ ಬಿಡಾರ ಹೂಡಿದ್ರಾ?" ಎಂದು ಹೆಂಡತಿ ಬಾಗಿಲು ಬಡಿದಳು. "ಬಂದೆ, ಬಂದೆ" ಅಂದ. ನೊರೆ ತುಂಬಿದ ಬಾಯಿಂದ ಹೊರಟ ಆ ಮಾತು ಅವನಿಗೇ ಸುಳ್ಳಿನ ಹಾಗೆ ಕೇಳಿಸಿತು, ಮತ್ತು ಅವನು ಇನ್ನೂ ಐದು ನಿಮಿಷ ಬರಲಿಲ್ಲ.

ಆಫೀಸಿನಲ್ಲಿ ಅವನನ್ನು ಶುದ್ಧಾತ್ಮ ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಆದರೆ ಕೇಳಿಸುವಷ್ಟು ಹತ್ತಿರದಿಂದ. ಅವನು ಪ್ರೋಗ್ರಾಂ ಬರೆಯುವ ಪಂಥವೇ ಅಂಥದು: ಇದ್ದದ್ದನ್ನು ತಿದ್ದಬಾರದು, ಅಳಿಸಬಾರದು, ಹಳೆಯ ಪಟ್ಟಿ ಒಳಗೆ ಹೋಗಬೇಕು, ಹೊಸ ಪಟ್ಟಿ ಹೊರಗೆ ಬರಬೇಕು, ನಡುವೆ ಲೆಕ್ಕ ಮಾಡುವ ಫಂಕ್ಷನ್ ಕೈಗೆ ಕೊಳೆ ಮಾಡಿಕೊಳ್ಳದೆ ನಿಂತಿರಬೇಕು. ಮಾಹಿತಿಯ ಆಕಾರ ಮೊದಲು, ಅದನ್ನು ಎಲ್ಲಿ ಬರೆದಿಡಬೇಕು ಎನ್ನುವುದು ಕಟ್ಟಕಡೆಯ ಕ್ಷುಲ್ಲಕ ಪ್ರಶ್ನೆ ಎಂದು ಅವನು ಒಂದು ಶುಕ್ರವಾರ ಆಫೀಸಿನಲ್ಲಿ ಭಾಷಣವನ್ನೇ ಮಾಡಿದ್ದ. ಕೇಳಿದವರು ಮೂವರು, ಅದರಲ್ಲಿ ಒಬ್ಬ ಚಹಾಕ್ಕೆ ಕಾಯುತ್ತಿದ್ದವ. ಕೃತಕ ಕಾಲು ಮಾಡುವ ಕಾರ್ಯಾಗಾರದವರು ತಮ್ಮ ದಪ್ಪ ರಿಜಿಸ್ಟರಿನ ಬದಲು ಒಂದು ಪ್ರೋಗ್ರಾಂ ಬೇಕು ಎಂದು ಬಂದಾಗ ಅವನು ಈ ಸಿದ್ಧಾಂತವನ್ನೇ ನಂಬಿ ಕೂತ. ವ್ಯಕ್ತಿ, ಕಾಲು, ಅಳತೆ ಎಂದು ಮೂರು ಆಕಾರ ಮಾಡಿದ. ಎಷ್ಟು ಚೆಂದ ಬಂತು ಎಂದರೆ ಎಡಗಾಲಿಗೆ ಬಲಪಾದ ಜೋಡಿಸಲು ಹೋದರೆ ಪ್ರೋಗ್ರಾಂ ಒಪ್ಪುತ್ತಿರಲಿಲ್ಲ. ಮೊಣಕಾಲಿನ ಮೇಲೆ ಕತ್ತರಿಸಿದವರನ್ನು ಮೊಣಕಾಲಿನ ಸುತ್ತಳತೆ ಎಷ್ಟು ಎಂದು ಕೇಳಿ ನೋಯಿಸುತ್ತಿರಲಿಲ್ಲ. ಇದರಲ್ಲಿ ತಪ್ಪು ಅಳತೆ ಹುಟ್ಟುವುದಕ್ಕೇ ಸಾಧ್ಯವಿಲ್ಲ ಎಂದು ಅವನು ಭಾಷಣದಲ್ಲಿ ಹೇಳಿದ. ಸರಿಯಾದ ಅಳತೆ ಬದುಕುವುದಕ್ಕೂ ಸಾಧ್ಯವಿಲ್ಲ ಎನ್ನುವುದನ್ನು ಹೇಳಲಿಲ್ಲ, ಆಗ ಅದು ಹೇಳುವಷ್ಟು ದೊಡ್ಡ ವಿಷಯವಾಗಿರಲೂ ಇಲ್ಲ. ಬರೆದಿಡುವುದಕ್ಕೆ ಡೇಟಾಬೇಸ್ ಇಲ್ಲ, ಫೈಲಿಲ್ಲ. ಪ್ರೋಗ್ರಾಂ ಓಡುತ್ತಿರುವಷ್ಟು ಹೊತ್ತು ಅದರೊಳಗಿನ ಒಂದು ಪುಟ್ಟ ಭಾಗ ಪಟ್ಟಿಯನ್ನು ಬಾಯಲ್ಲಿಟ್ಟುಕೊಂಡು ಕೂತಿರುತ್ತದೆ. ಕೇಳಿದರೆ ಹೇಳುತ್ತದೆ, ಹೊಸಬರು ಬಂದರೆ ಅವರನ್ನೂ ಸೇರಿಸಿ ಹೊಸ ಪಟ್ಟಿ ಮಾಡಿಕೊಳ್ಳುತ್ತದೆ. ಯಂತ್ರ ಆರಿಸಿದರೆ ಮುಗಿಯಿತು. ಗಿರಾಕಿಗೆ ತೋರಿಸುವ ನಮೂನೆಗೆ ಅಷ್ಟು ಸಾಕು. ತಾನೇ ಹುಟ್ಟಿಸಿದ ಐದು ಜನ ಕುಂಟರನ್ನು ಅದರಲ್ಲಿ ತುಂಬಿಸಿದ. ನೋಡುವುದಕ್ಕೆ ಲಕ್ಷಣವಾಗಿರಲಿ ಎಂದು, ಗುಂಡಿ ಒತ್ತಿದ ತಕ್ಷಣ ಹಸಿರು ಅಕ್ಷರದಲ್ಲಿ 'ಉಳಿಸಲಾಗಿದೆ' ಎಂದು ಮೂಡುವ ಹಾಗೆ ಮಾಡಿದ. ಆ ಒಂದು ಪದ ಬರೆಯಲು ಅವನಿಗೆ ಅರ್ಧ ನಿಮಿಷ ಹಿಡಿದಿತ್ತು.

ನಮೂನೆ ನೋಡಿದ ಕಾರ್ಯಾಗಾರದವರು ಮರುದಿನದಿಂದಲೇ ಅದನ್ನು ಬಳಸತೊಡಗಿದರು. ಯಾರೂ ಬಳಸಿ ಎಂದಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ. ಆಫೀಸಿನ ಹಿರಿಯರು, ಎಲ್ಲರೂ ದೊಡ್ಡವರು ಎಂದು ಕರೆಯುತ್ತಿದ್ದವರು, "ವಿಳಾಸ ನಿಮ್ಮ ಹತ್ರ ಇರ್ಲಿ, ನೋಡ್ತಾ ಇರಿ" ಎಂದು ಅದರ ಇಂಟರ್ನೆಟ್ ವಿಳಾಸವನ್ನು ಕಾರ್ಯಾಗಾರದವರಿಗೆ ಕೊಟ್ಟುಬಿಟ್ಟಿದ್ದರು. ಒಂದು ಬೆಳಿಗ್ಗೆ ಶುದ್ಧಾತ್ಮ ತೆರೆದು ನೋಡಿದರೆ ಆರನೆಯವನೊಬ್ಬ ಕೂತಿದ್ದ. ಅವನು ಹುಟ್ಟಿಸದೇ ಇದ್ದವನು. ಎಡಗಾಲು, ಮೊಣಕಾಲಿನ ಕೆಳಗೆ, ಉದ್ದ ಹದಿನಾಲ್ಕೂವರೆ ಸೆಂಟಿಮೀಟರ್. ಆ ಅರ್ಧವನ್ನು ನೋಡಿದ ಕೂಡಲೇ ಇವನು ನಿಜದ ಮನುಷ್ಯ ಎಂದು ಅವನಿಗೆ ಗೊತ್ತಾಯಿತು, ಯಾಕೆಂದರೆ ಸುಳ್ಳು ಹೇಳುವವನು ಯಾವತ್ತೂ ಹದಿನಾಲ್ಕು ಎನ್ನುತ್ತಾನೆ, ಇಲ್ಲವೇ ಹದಿನೈದು. ಅವತ್ತೇ ಹೇಳಬೇಕಿತ್ತು. ಸೋಮವಾರದೊಳಗೆ ಡೇಟಾಬೇಸ್ ಸೇರಿಸಿಬಿಡುತ್ತೇನೆ, ಹೇಳುವ ಪ್ರಸಂಗವೇ ಬರುವುದಿಲ್ಲ ಅಂದುಕೊಂಡ. ಆದರೆ ಸೇರಿಸಬೇಕೆಂದರೆ ನಿಲ್ಲಿಸಬೇಕು, ನಿಲ್ಲಿಸಿದರೆ ಒಳಗಿರುವವರು ಹೋದರು. ಸೋಮವಾರದ ಹೊತ್ತಿಗೆ ಒಂಬತ್ತು ಜನ ಇದ್ದರು, ಮರುವಾರ ಇಪ್ಪತ್ತಾರು. ಅವನು ಯಂತ್ರದ ಮೇಲೆ 'ದಯವಿಟ್ಟು ಆರಿಸಬೇಡಿ' ಎಂದು ಚೀಟಿ ಅಂಟಿಸಿದ. ಹನ್ನೊಂದು ವಾರ ಅವನು ತೆಗೆದುಕೊಂಡ ಕ್ರಮ ಅದೊಂದೇ. ಮೂರನೆಯ ಕ್ಲಾಸಿನಲ್ಲಿ ಪೆನ್ಸಿಲಿನ ಮೊನೆ ಮುರಿದಿದ್ದಾಗ, ಹೇಳಿದರೆ ಮೇಷ್ಟ್ರು ಬೈಯುತ್ತಾರೆ ಎಂದು, ಹಾಳೆಯ ಮೇಲೆ ಬರಿಯ ಮರದ ತುದಿಯನ್ನು ಒಂದಿಡೀ ಉಕ್ತಲೇಖನ ಓಡಾಡಿಸಿದ್ದನಲ್ಲ. "ಎಲ್ಲರೂ ಬರ್ಕೊಂಡ್ರಾ?" "ಬರ್ಕೊಂಡ್ವಿ ಸಾರ್." ಮೇಷ್ಟ್ರು ಆ ದಿನ ಯಾರ ಪುಸ್ತಕವನ್ನೂ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ.

"ನಿಮ್ಮ ಪಾಸು ತೋರಿಸಿ" ಎಂದು ಬಾಗಿಲಿನವನು ಎರಡನೆಯ ಸಲ ಕೇಳಿದಾಗಲೇ ಆಫೀಸು ಬಂದಿರುವುದು ಗೊತ್ತಾದದ್ದು. ನೇರ ಸರ್ವರ್ ರೂಮಿಗೆ ಹೋದ. ಓಡುತ್ತಿರುವ ಪ್ರೋಗ್ರಾಮಿನೊಳಕ್ಕೆ ಹೋಗಿ, ನಿನ್ನ ಬಾಯಲ್ಲಿರುವ ಪಟ್ಟಿ ಕೊಡಪ್ಪ ಎಂದು ಕೇಳಿ ತೆಗೆಯುವುದು ಎರಡು ನಿಮಿಷದ ಕೆಲಸ. ಅದಕ್ಕೆ ಬೇಕಾದ ಪಾಸ್‌ವರ್ಡ್ ಮಾತ್ರ ಸರ್ವರ್ ರೂಮಿನ ಯಜಮಾನರ ಹತ್ತಿರ ಇತ್ತು. ಅವರು ಅಲ್ಲಿ ಸ್ವೆಟರ್ ಹಾಕಿಕೊಂಡು, ತಣ್ಣಗಿನ ಗಾಳಿಯಲ್ಲಿ, ಯಾರ ಮೇಲೂ ಸಿಟ್ಟಿಲ್ಲದವರ ಹಾಗೆ ಕೂತಿರುತ್ತಿದ್ದರು.

"ಸಾರ್, ಐದೇ ಐದು ನಿಮಿಷ ಆ ಕಾಲಿನ ಯಂತ್ರದೊಳಗೆ ಬಿಡ್ತೀರಾ?"

"ಅದಕ್ಕೇನಂತೆ. ಫಾರಂ ತುಂಬಿ."

"ನಾನೇ ಬರೆದ ಪ್ರೋಗ್ರಾಂ ಅಲ್ವಾ ಸಾರ್."

"ಅದಕ್ಕೇ ಫಾರಂ. ಬೇರೆಯವರಾಗಿದ್ರೆ ಫಾರಮ್ಮೂ ಕೊಡ್ತಿರ್ಲಿಲ್ಲ."

ಫಾರಮ್ಮಿನಲ್ಲಿ 'ಕಾರಣ' ಎಂಬಲ್ಲಿ ಕನಿಷ್ಠ ಇಪ್ಪತ್ತು ಅಕ್ಷರ ಇರಬೇಕಿತ್ತು. ನಾನು ಬರೆದಿಡಲಿಲ್ಲ ಎಂದರೆ ಹತ್ತೂ ಆಗುವುದಿಲ್ಲ ಎಂದು ಅವನು ಎಣಿಸಿ ನೋಡಿದ. 'ನಿಯಮಿತವಾಗಿ ಕೈಗೊಳ್ಳಬೇಕಾದ ಆಂತರಿಕ ಗುಣಮಟ್ಟದ ಸಾಮಾನ್ಯ ಪರಿಶೀಲನೆಯ ಸಲುವಾಗಿ' ಎಂದು ಬರೆದ. ಯಜಮಾನರು ಕನ್ನಡಕ ಏರಿಸಿ ಓದಿ, "ನಿಯಮಿತ ಅಂದ್ಮೇಲೆ ನಾಳೆ ಮಾಡಿದ್ರೂ ನಡೆಯುತ್ತಲ್ಲ" ಎಂದು ವಾಪಸ್ಸು ಕೊಟ್ಟರು. ಯಂತ್ರ ನಿಲ್ಲಿಸುವ ಮುನ್ನ ತೆಗೆದುಕೊಳ್ಳಬೇಕಾದ ಮುಂಜಾಗ್ರತೆ ಎಂದು ಬರೆದ. ಅವರು ಈ ಸಲ ನಿಧಾನವಾಗಿ ಓದಿದರು. ಓದಿ ಮುಖ ನೋಡಿದರು. "ಮುಂಜಾಗ್ರತೆ ಯಾಕೆ? ನಿಲ್ಲಿಸಿದ್ರೆ ಏನಾದ್ರೂ ಹೋಗುತ್ತಾ?"

ಅಲ್ಲಿತ್ತು ನೋಡಿ ಬಾಗಿಲು. ಹಾರೆ ಹಾಕಿ ಮೀಟಬೇಕಾಗಿರಲಿಲ್ಲ, ಯಜಮಾನರೇ ತೆರೆದು ಹಿಡಿದಿದ್ದರು. ಹೂಂ ಎಂದರೆ ಸಾಕಿತ್ತು. ಆದರೆ ಅವನ ಕಿವಿಗೆ ಕೇಳಿಸಿದ್ದು ಪ್ರಶ್ನೆಯಲ್ಲ, ಆ ಪ್ರಶ್ನೆ ನಾಳೆ ಊಟದ ಹೊತ್ತಿಗೆ ಆಫೀಸಿನ ಹತ್ತೊಂಬತ್ತು ಬಾಯಲ್ಲಿ ಓಡಾಡುವ ಸದ್ದು: ಶುದ್ಧಾತ್ಮ ಬರೆದಿಡೋದನ್ನೇ ಮರೆತನಂತೆ.

"ಏನೂ ಹೋಗಲ್ಲ" ಅಂದ.

"ಮತ್ತೆ?" ಎಂದು ಅವರು ಫಾರಮ್ಮನ್ನು ಡ್ರಾಯರಿನಲ್ಲಿ ಇಟ್ಟರು.

ಹನ್ನೆರಡಕ್ಕೆ ಮೀಟಿಂಗಿತ್ತು. ದೊಡ್ಡವರು ಗೋಡೆಯ ಮೇಲೆ ಒಂದು ಪತ್ರ ದೊಡ್ಡದು ಮಾಡಿ ತೋರಿಸಿದರು. ಕಾರ್ಯಾಗಾರದವರು ಬರೆದ ಮೆಚ್ಚುಗೆಯ ಪತ್ರ. ಪ್ರೋಗ್ರಾಂ ಹನ್ನೊಂದು ವಾರದಲ್ಲಿ ಒಂದು ಸಲವೂ ನಿಂತಿಲ್ಲವಂತೆ. ಕೈ ತಟ್ಟಿ ಅಂದರು, ಎಲ್ಲರೂ ತಟ್ಟಿದರು. ಶುದ್ಧಾತ್ಮನಿಗೆ ಮುಖ ಬಿಸಿಯೇರಿತು. ನಿಲ್ಲದೇ ಇರುವುದು ಪ್ರೋಗ್ರಾಮಿನ ಗುಣವಲ್ಲ, ಅದರ ಕಾಯಿಲೆ ಎಂದು ಇವರಿಗೆ ಹೇಗೆ ಹೇಳುವುದು. ನಿಂತರೆ ಸಾಯುತ್ತದೆ, ಅದಕ್ಕೆ ನಿಂತಿಲ್ಲ. ಆದರೂ, ನಿಜ ಹೇಳಬೇಕೆಂದರೆ, ಚಪ್ಪಾಳೆ ಅವನಿಗೆ ಹಿತವಾಯಿತು. ಎಂಥ ದರಿದ್ರ ಮನಸ್ಸಪ್ಪ ನನ್ನದು ಎಂದು ಅಂದುಕೊಳ್ಳುತ್ತಲೇ ಅವನು ತಲೆಬಾಗಿ ಚಪ್ಪಾಳೆಯನ್ನು ಸ್ವೀಕರಿಸಿದ. "ಇವತ್ತು ಮೂರಕ್ಕೆ ಒಂದು ಸಲ ನಿಲ್ಲಿಸಿ ಮತ್ತೆ ಶುರು ಮಾಡಿದ್ರೆ ತೊಂದ್ರೆ ಇಲ್ವಲ್ಲ?" ಎಂದು ದೊಡ್ಡವರು ನಗುತ್ತ ಕೇಳಿದರು. "ಶುರು ಆಗುತ್ತೆ ಸಾರ್" ಎಂದ. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಶುರುವಾಗುತ್ತದೆ, ತಾನು ಹುಟ್ಟಿಸಿದ ಆ ಐದು ಜನರೊಂದಿಗೆ, ಇವತ್ತೇ ಹುಟ್ಟಿದ ಹಾಗೆ. ಮೀಟಿಂಗು ಮುಗಿಯುವಷ್ಟರಲ್ಲಿ ಒಂದೂವರೆ ಆಗಿತ್ತು. ಹಲ್ಲುನೋವು ಎಂದು ಹೇಳಿ, ಕೆನ್ನೆ ಹಿಡಿದುಕೊಂಡೇ ಮೆಟ್ಟಿಲಿಳಿದು, ರಸ್ತೆಗೆ ಬಂದ ಮೇಲೂ ಕೈ ತೆಗೆಯಲು ಮರೆತು, ಕಾರ್ಯಾಗಾರದ ಬಸ್ಸು ಹತ್ತಿದ.

ಕಾರ್ಯಾಗಾರದಲ್ಲಿ ಎಲ್ಲದರ ಮೇಲೂ ಸುಣ್ಣದಂಥ ಬಿಳಿ ಪುಡಿ ಕೂತಿತ್ತು. ಶೆಲ್ಫಿನ ಮೇಲೆ ರಬ್ಬರಿನ ಪಾದಗಳು, ಎಡದವು ಒಂದು ಕಡೆ, ಬಲದವು ಒಂದು ಕಡೆ, ಎಲ್ಲ ಬೆರಳೂ ಇವನ ಕಡೆಗೇ. ಅವನು ಇಲ್ಲಿಗೆ ಬಂದದ್ದು ಇದೇ ಮೊದಲು. ಕಾಲು ಎಂದು ಇಷ್ಟು ದಿನ ಅವನು ಬರೆದದ್ದು ಎರಡಕ್ಷರ. ಇಲ್ಲಿ ನೋಡಿದರೆ ಅದಕ್ಕೆ ಬೆಲ್ಟಿತ್ತು, ವಾಸನೆಯಿತ್ತು. ಅಳತೆ ತೆಗೆಯುವ ಹೆಂಗಸನ್ನು ಅಲ್ಲಿ ಅಳತೆಯಮ್ಮ ಅನ್ನುತ್ತಿದ್ದರು. ಐವತ್ತರ ಆಸುಪಾಸಿನ, ಕುತ್ತಿಗೆಗೆ ಟೇಪು ಹಾಕಿಕೊಂಡ ಆಕೆ, "ಓ, ಪ್ರೋಗ್ರಾಂ ಬರೆದವ್ರಾ" ಎಂದು ಖುಷಿಯಿಂದ ಕುರ್ಚಿ ಒರೆಸಿಕೊಟ್ಟಳು.

"ಹಳೇ ರಿಜಿಸ್ಟರಿನಲ್ಲೂ ಒಂದೊಂದು ಸಲ ಬರೀತಿರ್ತೀರಾ ಅಮ್ಮ?" ಎಂದು ಆದಷ್ಟು ಹಗುರವಾಗಿ ಕೇಳಿದ.

"ಎಲ್ಲಿಂದ. ಉಳಿಸಲಾಗಿದೆ ಅಂತ ಹಸಿರಲ್ಲಿ ಬರುತ್ತಲ್ಲ. ಎರಡೆರಡು ಸಲ ಬರೆಯೋಕೆ ನಮಗೇನು ತಲೆ ಕೆಟ್ಟಿದ್ಯಾ?"

ಒಬ್ಬರ ಅಳತೆ ಪರದೆಯ ಮೇಲೆ ತೆರೆಯಬೇಕಾದರೆ ಅವರ ಟೋಕನ್ ನಂಬರೂ ಫೋನಿನ ಕೊನೆಯ ನಾಲ್ಕು ಅಂಕಿಯೂ ಬೇಕಿತ್ತು, ಮೂರು ಸಲ ತಪ್ಪಿದರೆ ಅದು ಬಾಗಿಲು ಹಾಕಿಕೊಳ್ಳುತ್ತಿತ್ತು. ಇದೂ ಅವನದೇ ಹೆಮ್ಮೆಯ ಏರ್ಪಾಡು. ಗೋಡೆಯೇ ಇಲ್ಲದ ಮನೆಗೆ ಏಳು ಬೀಗ. ಆ ಅಂಕಿಗಳಿದ್ದ ಟೋಕನ್ನಿನ ಅರ್ಧಚೀಟಿಗಳನ್ನು ಅಳತೆಯಮ್ಮ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಜೋಡಿಸಿಟ್ಟಿದ್ದಳು. ಪರಿಶೀಲನೆ ಇದೆ ಎಂದು ಹೇಳಿ ಅವನು ಡಬ್ಬಿ ತೆಗೆದುಕೊಂಡ. ಇಡೀ ಕಾರ್ಯಾಗಾರಕ್ಕೆ ಇದ್ದದ್ದು ಅದೊಂದೇ ಪರದೆ. ಗಂಟೆ ಎರಡೂ ಇಪ್ಪತ್ತು. ಒಂದನೆಯ ಚೀಟಿ ತೆಗೆದ, ಅಂಕಿ ಒತ್ತಿದ, ಪುಟ ಅರ್ಧ ನಿಮಿಷ ತಿಣುಕಾಡಿ ತೆರೆಯಿತು, ಫೋನಿನಲ್ಲಿ ಅದರ ಫೋಟೋ ಹೊಡೆದ. ಎರಡು. ಮೂರು. ಪಟ್ಟಿಯೆಂದರೆ ತಲೆಯಿಂದ ಹಿಡಿದು ಬಾಲದವರೆಗೆ ಒಂದೊಂದನ್ನೇ ಮುಗಿಸುತ್ತ ಹೋಗುವುದು, ಅವನ ಪಂಥದಲ್ಲಿ ಅದಕ್ಕಿಂತ ಬೇರೆ ದಾರಿಯಿಲ್ಲ. ಹದಿನೈದಾಗುವ ಹೊತ್ತಿಗೆ ಕೈ ಓಟಕ್ಕೆ ಬಿತ್ತು, ಮನಸ್ಸು ಹಗುರವಾಯಿತು, ಎಷ್ಟು ಹಗುರವೆಂದರೆ, ಇಷ್ಟನ್ನಾದರೂ ಮಾಡುತ್ತಿದ್ದೇನಲ್ಲ ಎಂದು ತನ್ನ ಬಗ್ಗೆ ಸಣ್ಣದೊಂದು ಗೌರವವೂ ಹುಟ್ಟಿತು. ಕಾಲಿನ ಮೇಸ್ತ್ರಿ ಬಂದು ಪಕ್ಕದಲ್ಲಿ ನಿಂತ. ಕೊಳವೆ ಕತ್ತರಿಸುವ ಗರಗಸ ಕೈಯಲ್ಲೇ ಇತ್ತು. "ಸಾರ್, ಒಬ್ಬರ ಅಳತೆ ನೋಡ್ಕೋಬೇಕಿತ್ತು" ಅಂದ. "ಒಂದೇ ನಿಮಿಷ" ಎಂದು ಶುದ್ಧಾತ್ಮ ತಿರುಗದೆ ಹೇಳಿದ. ಎರಡೂ ಮುಕ್ಕಾಲಿಗೆ ಮೇಸ್ತ್ರಿ ಮತ್ತೆ ಬಂದ. "ಇವತ್ತೇ ಕತ್ತರಿಸಿ ಜೋಡಿಸೋದಿತ್ತು ಸಾರ್, ಅವರು ಬೆಳಿಗ್ಗೆಯಿಂದ ಕೂತಿದಾರೆ." "ಇದು ಸ್ವಲ್ಪ ಅರ್ಜೆಂಟು ಮೇಸ್ತ್ರಿ, ದಯವಿಟ್ಟು." ಗೋಡೆಯ ಪಕ್ಕದ ಬೆಂಚಿನ ಮೇಲೆ ಒಬ್ಬ ಹೆಂಗಸು ಊರುಗೋಲುಗಳನ್ನು ಒರಗಿಸಿಟ್ಟು, ತೊಡೆಯ ಮೇಲೆ ಒಂದು ಉದ್ದನೆಯ ನೋಟುಪುಸ್ತಕ ಇಟ್ಟುಕೊಂಡು ಏನೋ ಲೆಕ್ಕ ಹಾಕುತ್ತಿದ್ದಳು. ಅವನು ಆ ಕಡೆ ನೋಡಿದ, ಆದರೆ ನೋಡಿದ್ದು ಅವಳ ತಲೆಯ ಮೇಲಿದ್ದ ಗೋಡೆಗಡಿಯಾರವನ್ನು.

ಅರವತ್ತನಾಲ್ಕನೆಯದರ ಫೋಟೋ ಹೊಡೆದು ಅರವತ್ತೈದನೆಯ ಅಂಕಿ ಒತ್ತಿದಾಗ ಪುಟ ತೆರೆಯಲಿಲ್ಲ. ಬಿಳಿ ಪರದೆ, ನಡುವೆ ಒಂದು ಸಾಲು: ಸಂಪರ್ಕವಿಲ್ಲ. ಗಂಟೆ ಮೂರು. ಅಲ್ಲಿ ಆಫೀಸಿನಲ್ಲಿ ಯಾರೋ ಒಬ್ಬರು, ಬಹುಶಃ ಆ ಸ್ವೆಟರಿನವರೇ, ಅವನ ಚೀಟಿಯನ್ನು ಓದಿ, ಪಾಪ ಎಂದುಕೊಂಡು, ಗುಂಡಿ ಒತ್ತಿದ್ದರು.

"ಮೂರಕ್ಕೆ ನಿಲ್ಲಿಸ್ತೀವಿ ಅಂತ ನಿಮ್ಮ ಆಫೀಸಿಂದ ಹೇಳಿದ್ರು, ಅಲ್ಲಿ ಕರೆಂಟು ಬಂದ್ಮೇಲೆ ಮತ್ತೆ ಬರುತ್ತಲ್ಲ?" ಎಂದಳು ಅಳತೆಯಮ್ಮ.

"ಬರಲ್ಲ ಅಮ್ಮ." ಹನ್ನೊಂದು ವಾರ ಗಂಟಲಲ್ಲಿ ಕೂತಿದ್ದ ಮಾತು, ಇನ್ನೇನೂ ಮಾಡುವುದಕ್ಕಿಲ್ಲ ಎಂದಾದ ಮೇಲೆ, ಎಷ್ಟು ಸಲೀಸಾಗಿ ಬಂತು ನೋಡಿ. "ಅದು ಎಲ್ಲೂ ಬರೆದಿಟ್ಟಿರ್ಲಿಲ್ಲ. ಯಂತ್ರ ಓಡೋ ತನಕ ನೆನಪಿತ್ತು, ಅಷ್ಟೇ."

"ಮತ್ತೆ ಹಸಿರಲ್ಲಿ ಬರ್ತಿತ್ತಲ್ಲ, ಅದರ ಅರ್ಥ ಏನು?"

"ನೀವು ಗುಂಡಿ ಒತ್ತಿದ್ರಿ ಅಂತ."

ಆಕೆ ಬೈಯಲಿಲ್ಲ. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ, ಅದಕ್ಕೆ ಬೆಳಿಗ್ಗೆಯಿಂದ ತಯಾರಿಯಾಗಿದ್ದ. ಆಕೆ ಕುತ್ತಿಗೆಯ ಟೇಪನ್ನು ತೆಗೆದು, ಮಡಿಸಿ, ಮೇಜಿನ ಮೇಲಿಟ್ಟಳು. ಕೇಳಿಸಿಕೊಳ್ಳುತ್ತಿದ್ದ ಮೇಸ್ತ್ರಿ ಹತ್ತಿರ ಬಂದ. "ಫೋನಿಗೆ ಹಿಡಕೊಂಡ್ರಲ್ಲ, ಯಾವ್ಯಾವುದು?"

"ಒಂದರಿಂದ ಅರವತ್ನಾಲ್ಕು."

ಮೇಸ್ತ್ರಿ ಫೋನಿನ ಕಡೆ ನೋಡಿದ. ಆಮೇಲೆ ಹೇಳಿದ. "ಅವರೆಲ್ಲ ಕಾಲು ಹಾಕ್ಕೊಂಡು ನಡ್ಕೊಂಡು ಹೋದ್ರಲ್ಲ ಸಾರ್. ಎಪ್ಪತ್ತರ ತನಕ ಕೊಟ್ಟು ಮುಗಿದಿದೆ. ಬೇಕಾಗಿದ್ದದ್ದು ಎಪ್ಪತ್ತೊಂದರಿಂದ."

ಶುದ್ಧಾತ್ಮ ಫೋನನ್ನು ಕೈಯಲ್ಲಿ ಹಿಡಿದೇ ಇದ್ದ. ಅರವತ್ತನಾಲ್ಕು ಫೋಟೋ. ಒಂದನ್ನು ಕೇಳಬೇಕಿತ್ತು, ಒಂದೇ ಮಾತು, ಯಾರದ್ದು ಬಾಕಿಯಿದೆ ಎಂದು. ಕೇಳಿದ್ದರೆ ಯಾಕೆ ಎನ್ನುತ್ತಿದ್ದರು, ಯಾಕೆ ಎಂದರೆ ಹೇಳಬೇಕಾಗುತ್ತಿತ್ತು, ಅದಕ್ಕೆ ಕೇಳಲಿಲ್ಲ. ಉಳಿದ ನೂರ ಹದಿನೇಳು ಜನಕ್ಕೆ ಫೋನು ಮಾಡಿ ಹೇಳೋಣವೆಂದರೆ ಪೂರ್ತಿ ನಂಬರು ಇದ್ದದ್ದೂ ಆ ಪ್ರೋಗ್ರಾಮಿನಲ್ಲೇ. ಅವರು ತಮ್ಮ ತಮ್ಮ ತಾರೀಕಿಗೆ ಬಸ್ಸು ಹತ್ತಿ ಬರುತ್ತಾರೆ. ಒಬ್ಬೊಬ್ಬರಾಗಿ ಬರುತ್ತಾರೆ. ಅವನಿಗೆ ನಾಚಿಕೆಯಾಯಿತು, ಇಲ್ಲಿಯವರೆಗೆ ಆಗುತ್ತಿದ್ದುದು ಹೆದರಿಕೆ, ನಾಚಿಕೆಯಾದದ್ದು ಈಗ. ಮೇಸ್ತ್ರಿಗೆ ಅವನ ಮುಖ ನೋಡಿ ಕನಿಕರ ಬಂತು. ಕಂಡವರ ಕಷ್ಟಕ್ಕೆ ಒಂದು ಪಟ್ಟಿ ಕಟ್ಟಿಯೇ ಅಭ್ಯಾಸವಾದ ಮನುಷ್ಯ. "ಹೋಗ್ಲಿ ಬಿಡಿ ಸಾರ್" ಎಂದು ದನಿ ತಗ್ಗಿಸಿದ. "ಕತ್ತರಿಸಿದ ಕಾಲು ದಿನ ಕಳೆದ ಹಾಗೆ ಇಳಿಯುತ್ತೆ, ಸಣ್ಣಗಾಗುತ್ತೆ. ಅದಕ್ಕೇ ಇನ್ನೊಂದು ಸಲ ಅಳತೆ ಅಂತ ಹೇಳಿದ್ರಾಯ್ತು. ಸುಳ್ಳೇನಲ್ಲವಲ್ಲ." ಸುಳ್ಳೇನಲ್ಲ. ಅವನು ಆ ಮಾತನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಆಗಲೇ ಅವನ ತಲೆಯಲ್ಲಿ ದೊಡ್ಡವರು ಅದಕ್ಕೆ ಮರು-ಅಳತೆ ಅಭಿಯಾನ ಎಂದು ಹೆಸರಿಡುತ್ತಿದ್ದರು, ಗೋಡೆಯ ಮೇಲೆ ಇನ್ನೊಂದು ಪತ್ರ ಬರುತ್ತಿತ್ತು.

ಬೆಂಚಿನ ಹೆಂಗಸು ಊರುಗೋಲು ಊರಿಕೊಂಡು ಮೇಜಿನ ಹತ್ತಿರ ಬಂದಳು. ನಲವತ್ತರ ಹರೆಯ, ರವಿಕೆಯ ಎದೆಗೆ ನಾಲ್ಕೈದು ಗುಂಡುಪಿನ್ನು ಚುಚ್ಚಿಕೊಂಡಿದ್ದಳು, ದರ್ಜಿ. ಎಡಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಎಪ್ಪತ್ತೊಂದು ಎಂದು ಬರೆದ ಚೀಟಿ ಮೇಜಿನ ಮೇಲಿಟ್ಟಳು. ಮೇಸ್ತ್ರಿ ಗರಗಸವನ್ನು ನೋಡುತ್ತ ನಿಂತ, ಅಳತೆಯಮ್ಮ ಟೇಪನ್ನು. ಹೇಳಬೇಕಾದವನು ಯಾರು ಎನ್ನುವುದರಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ.

"ಮೇಡಂ, ಇನ್ನೊಂದು ಸಲ ಅಳತೆ ತಗೋಬೇಕಾಗುತ್ತೆ" ಎಂದ ಶುದ್ಧಾತ್ಮ. "ಇವತ್ತು ಬೇಡ. ಬೆಳಿಗ್ಗೆಯಿಂದ ಕೂತ ಕಾಲು ಬಾತಿರುತ್ತೆ" ಎಂದು ಮೇಸ್ತ್ರಿ ಸೇರಿಸಿದ, "ನಾಳೆ ಬೆಳಿಗ್ಗೆ ಬನ್ನಿ."

"ಮೂರು ಬಸ್ಸು ಹತ್ತಿ ಬಂದಿದೀನಿ" ಎಂದಳು. "ಹೋದ ಸಲ ತಗೊಂಡ್ರಲ್ಲ."

"ತಗೊಂಡಿದ್ರು. ಆದ್ರೆ ಕಾಲು ಸ್ವಲ್ಪ ಇಳಿದಿರುತ್ತಲ್ಲ, ಅದಕ್ಕೆ."

"ಇಳಿದಿದ್ಯಾ?"

"ಇಳಿದಿರುತ್ತೆ."

"ಎಷ್ಟಿತ್ತು?"

"ಯಾವುದು?" ಎಂದ.

"ಅಲ್ಲ, ಇಳಿದಿದೆ ಅನ್ನಬೇಕಾದ್ರೆ ಮೊದಲು ಎಷ್ಟಿತ್ತು ಅಂತ ಗೊತ್ತಿರಬೇಕಲ್ಲ" ಎಂದಳು, ಜಗಳದ ದನಿಯಲ್ಲ, ಅಂಗಡಿಯಲ್ಲಿ ಗಿರಾಕಿಗೆ ತೋಳಿನ ಉದ್ದ ವಿವರಿಸುವ ದನಿ. "ನನ್ನ ಹತ್ರ ಹೊಲಿಸಿಕೊಂಡವರು ದಪ್ಪ ಆಗ್ತಾರೆ, ಸಣ್ಣ ಆಗ್ತಾರೆ. ಹಳೇದು ಬರೆದಿರೋದ್ರಿಂದ ತಾನೇ ನನಗೆ ಗೊತ್ತಾಗೋದು. ನಂದು ಎಷ್ಟಿತ್ತು?"

ಮೇಸ್ತ್ರಿ ಹೇಳಿಕೊಟ್ಟ ಮಾತು ಅಲ್ಲಿಗೆ ಹರಿದುಹೋಯಿತು. ಎರಡು ಫಾರಂ, ಒಂದು ಭಾಷಣ, ಒಂದು ಹಲ್ಲುನೋವು, ಯಾವುದರಲ್ಲೂ ಈ ಪ್ರಶ್ನೆಗೆ ಉತ್ತರ ಇರಲಿಲ್ಲ. ಹದಿನಾಲ್ಕು ಎನ್ನಬಹುದಿತ್ತು. ಹದಿನೈದು ಎನ್ನಬಹುದಿತ್ತು. ಅವಳು ಅಳತೆಯ ಕಸುಬಿನವಳು, ಕೇಳಿದ ಕೂಡಲೇ ಗೊತ್ತಾಗಿಬಿಡುತ್ತದೆ.

"ಗೊತ್ತಿಲ್ಲ" ಅಂದ. "ನಾನು ಬರೆದಿಡಲಿಲ್ಲ. ಇವರು ಬರೆದ್ರು, ನಾನು ಇಟ್ಟುಕೊಂಡಿದೀನಿ ಅಂತ ತೋರಿಸಿದೆ, ಇಟ್ಟುಕೊಂಡಿರ್ಲಿಲ್ಲ. ಹನ್ನೊಂದು ವಾರದಿಂದ ನನಗೆ ಗೊತ್ತಿತ್ತು. ಆಗ ಒಂದು ನಿಮಿಷ ಮೇಸ್ತ್ರಿಗೆ ಪರದೆ ಬಿಟ್ಟುಕೊಟ್ಟಿದ್ರೂ ನಿಮ್ಮ ಕಾಲು ಇವತ್ತು ಆಗ್ತಿತ್ತು. ಅದನ್ನೂ ಬಿಡಲಿಲ್ಲ."

ಅವಳು ಅವನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಒಂದು ಸುಸ್ತಿತ್ತು, ಹಿಂದಕ್ಕೆ ಹೋಗಬೇಕಾದ ಮೂರು ಬಸ್ಸಿನದು. "ಕಾಗದ ಇರ್ಲಿಲ್ವಾ?" ಎಂದು ಕೇಳಿದಳು.

"ಇತ್ತು."

ಅವಳು ಒಂದು ಊರುಗೋಲನ್ನು ಮೇಜಿಗೆ ಒರಗಿಸಿ ಕುರ್ಚಿ ಎಳೆದುಕೊಂಡು ಕೂತಳು. ನೋಟುಪುಸ್ತಕ ತೆರೆದಳು. ಒಂದೊಂದು ಹಾಳೆಗೂ ಒಬ್ಬೊಬ್ಬರು, ಹೆಸರು, ಎದೆ, ಸೊಂಟ, ತೋಳು, ಪಕ್ಕದಲ್ಲಿ ತಾರೀಕು. ಹಳೆಯ ಅಂಕಿಗೆ ಒಂದು ಗೀಟು ಹಾಕಿ ಅದರ ಕೆಳಗೇ ಹೊಸ ಅಂಕಿ. ಖಾಲಿ ಹಾಳೆ ಸಿಗುವವರೆಗೆ ತಿರುವಿದಳು.

"ನಿಮ್ಮ ಹೆಸರು ಹೇಳಿ."

ಹೇಳಿದ. ಅವಳು ಬರೆದಳು. ತಾರೀಕು ಹಾಕಿದಳು. ಕೆಳಗೆ, ಒಂದೊಂದೇ ಅಕ್ಷರ ಒತ್ತಿ, ನನ್ನ ಅಳತೆ ಕಳೆದವರು ಎಂದು ಬರೆದಳು. ಪುಸ್ತಕವನ್ನು ಅವನ ಕಡೆ ತಿರುಗಿಸಿದಳು. "ಸರಿ ಇದೆಯಾ ನೋಡ್ಕೊಳ್ಳಿ. ನಾನು ಬರೆದದ್ದನ್ನ ಹರಿದು ಹಾಕೋಳಲ್ಲ."

ಅವನು ಓದಿದ. ಹೆಸರಿನಲ್ಲಿ ಒಂದು ದೀರ್ಘ ಬಿಟ್ಟುಹೋಗಿತ್ತು. ಅದನ್ನು ಹಾಗೇ ಬಿಟ್ಟರೆ ಅದು ಅವನಾಗುವುದಿಲ್ಲ, ಯಾರೋ ಬೇರೆಯವನು. ಅವಳ ಕೈಯಿಂದ ಪೆನ್ನು ಇಸಿದುಕೊಂಡು, ದೀರ್ಘ ಎಳೆದು, ಪುಸ್ತಕ ವಾಪಸ್ಸು ಕೊಟ್ಟ.